ಅಪ್‌ಡೇಟ್: ತೊಟ್ಟು ಬಿರಿಯುತ್ತಿದ್ದದ್ದಕ್ಕೆ ಕಾರಣ ಸಿಕ್ಕಿತು

ಹಾಲೂಡಿಸುವಾಗ ತೊಟ್ಟು ಬಿರಿದು ರಕ್ತ ಬರುತ್ತಿದೆ, ಯಾವ ಮುಲಾಮು ಹಚ್ಚಲಿ ಎಂದು ಕೇಳಿದ್ದೆ. ಮುಲಾಮಿಗಿಂತ ಮೊದಲು ಮಗು ಮೊಲೆ ಹಿಡಿಯುವ ರೀತಿ ಸರಿಯಾಗಬೇಕಿತ್ತು. ಮಗು ಬಿಟ್ಟಾಗ ತೊಟ್ಟು ಹೊಸ ಲಿಪ್‌ಸ್ಟಿಕ್ಕಿನ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಅದು ಬರೀ ತೊಟ್ಟನ್ನು ಚೀಪುತ್ತಿದೆ ಎಂದರ್ಥ. ತೊಟ್ಟನ್ನು ಮಗುವಿನ ಮೂಗಿನ ನೇರಕ್ಕೆ ಇಟ್ಟು, ಬಾಯಿ ಅಗಲವಾಗಿ ತೆರೆದ ಕೂಡಲೇ ಮಗುವನ್ನೇ ಎದೆಗೆ ತನ್ನಿ. ಗದ್ದ ಮೊಲೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ನೋವು ನಿಲ್ಲದಿದ್ದರೆ ಎಳೆಯಬೇಡಿ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ತೊಟ್ಟಿಗೆ ಸೋಪು ಬೇಡವೇ ಬೇಡ. ಕೊನೆಗೆ ಒಂದೆರಡು ಹನಿ ಹಾಲು ಹಿಂಡಿ ಸವರಿ, ಗಾಳಿಗೆ ಒಣಗಲು ಬಿಡಿ. ಮಂಗಳೂರಿನ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಟ್ಟೆ ಒಣಗುವುದೇ ಕಷ್ಟ, ಗೊತ್ತು. ಆದರೂ ಹಾಲು ಹೀರಲು ಬ್ರಾ ಒಳಗೆ ಇಡುವ ಪ್ಯಾಡ್ ಒದ್ದೆಯಾದದ್ದು, ತೇವದ ಬ್ರಾ ಹಾಕಲೇಬೇಡಿ, ಶಿಲೀಂಧ್ರಕ್ಕೆ ಅದೇ ಬೇಕು. ಕುಡಿಸಿದ ಮೇಲೂ ಉರಿ, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಕಲೆ ಇದ್ದರೆ ಡಾಕ್ಟರಿಗೆ ತೋರಿಸಿ; ಸೋಂಕೇ ಆಗಿದ್ದರೆ ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕು. ಮೊಲೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅದೇ ದಿನ ಹೋಗಿ. ಹಾಲೂಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.