ಅಪ್‌ಡೇಟ್: ಅವ್ವನ ಜೊತೆ ಸ್ವಾಲ್ಬಾರ್ಡ್ ಹಡಗು ಪ್ರವಾಸ

ಹುಬ್ಬಳ್ಳಿಗೆ ವಾಪಸ್ ಬಂದು ನಾಲ್ಕು ದಿನ ಆಯ್ತು. ಹೊರಡುವ ಮುಂಚೆ ಕೇಳಿದ್ದೆ ಅಲ್ವಾ, ಉತ್ತರ ಧ್ರುವದ ಹತ್ತಿರದ ನಾರ್ವೆ ದ್ವೀಪಗಳಾದ ಸ್ವಾಲ್ಬಾರ್ಡ್‌ಗೆ ಸಿಂಗಲ್ ಎಂಟ್ರಿ (ಒಮ್ಮೆ ಮಾತ್ರ ಒಳಗೆ ಹೋಗುವ) ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಾಕಾ, ಅವ್ವನಿಗೆ ಹಡಗಿನಲ್ಲಿ ವಾಂತಿ ಆಗದಂತೆ ಏನು ಮಾಡಲಿ ಅಂತ?

ಸಿಂಗಲ್ ಸಾಲದು. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ ಷೆಂಗೆನ್ ವಲಯದ ಹೊರಗಿದೆ. ಓಸ್ಲೋದಿಂದ ಅಲ್ಲಿಗೆ ಹೋದರೆ ಷೆಂಗೆನ್ ಬಿಟ್ಟಂತೆ, ವಾಪಸ್ ಬಂದರೆ ಮತ್ತೆ ಒಳಗೆ ಬಂದಂತೆ. ಹಾಗಾಗಿ ಡಬಲ್ ಎಂಟ್ರಿ ಬೇಕೇ ಬೇಕು. ನಮ್ಮ ಏಜೆಂಟರು ಸಿಂಗಲ್‌ಗೇ ಅರ್ಜಿ ತುಂಬಿದ್ದರು. ನಿಮ್ಮಲ್ಲೊಬ್ಬರು ಎಚ್ಚರಿಸಿದ್ದಕ್ಕೆ ತಿದ್ದಿಸಿದೆ. ಅವರ ಉಪಕಾರ ಮರೆಯಲ್ಲ.

ಶುಂಠಿ, ನಿಂಬೆಹಣ್ಣು ಅವ್ವನಿಗೆ ನಾಟಲಿಲ್ಲ. ಕೆಲಸ ಮಾಡಿದ್ದು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ರೂಮು ತಗೊಳ್ಳಿ ಅನ್ನೋ ಸಲಹೆ. ಅಲ್ಲಿ ತೂಗಾಟ ಕಡಿಮೆ. ಮೇಲಿನ ಬಾಲ್ಕನಿ ರೂಮಿಗಿಂತ ನಮಗೆ ರೇಟೂ ಕಡಿಮೆ ಬಿತ್ತು.

2025ರಿಂದ ಅಲ್ಲಿ ನಿಯಮ ಬಿಗಿಯಾಗಿದೆ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಒಳ್ಳೆಯ ದುರ್ಬೀನು ಒಯ್ಯಿರಿ. ನಾವು ಜುಲೈನಲ್ಲಿ ಕಂಡ ಕರಡಿ ಬರಿಗಣ್ಣಿಗೆ ಹಳದಿ ಚುಕ್ಕೆ ಅಷ್ಟೇ. ಇರಲಿ, ಅದು ಅವುಗಳ ಮನೆ.

ಮನಸ್ಸಲ್ಲಿ ಉಳಿದದ್ದು ಮಾತ್ರ ಒಂದು ಸದ್ದು. ರಬ್ಬರ್ ದೋಣಿಯ ಇಂಜಿನ್ ಬಂದ್ ಮಾಡಿದರು. ಸುತ್ತ ತೇಲುತ್ತಿದ್ದ ಮಂಜುಗಡ್ಡೆ ಚಟಪಟ ಅನ್ನುತ್ತಿತ್ತು. ಗ್ಲೇಸಿಯರ್ ಮಂಜಿನೊಳಗೆ ಸಿಕ್ಕಿಕೊಂಡ ಹಳೇ ಗಾಳಿಗುಳ್ಳೆಗಳು ಮಂಜು ಕರಗುವಾಗ ಒಡೆಯುತ್ತವೆ. ಅವ್ವ ಕಿವಿಗೊಟ್ಟು ಕೇಳಿ, “ಒಗ್ಗರಣ್ಯಾಗ ಸಾಸಿವಿ ಸಿಡಿದಂಗ ಐತಿ ನೋಡು” ಅಂದಳು.