ಟಿವಿ, ಬೈಕ್ ಇರೋ ಮನೆಗೆ ಸಹಾಯ ಬೇಡ ಅನ್ನೋ ನಿಯಮ ಸರಿಯಾ? ಯಾರಿಗೆ ಕೊಡೋದು ಅಂತ ಹೇಗೆ ತೀರ್ಮಾನ ಮಾಡೋದು?

ಹೆಬ್ಬಾಳ_ಬಳಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳು ಸೇರಿ ಮನೆಕೆಲಸ, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಮಾಡುವವರ ಮಕ್ಕಳ ಓದಿಗೆ ಚಂದಾ ಎತ್ತಿ ಕೊಡುತ್ತೇವೆ. ಈ ಸಲ ಅರ್ಜಿ ಜಾಸ್ತಿ ಬಂದಿದೆ, ದುಡ್ಡು ಅಷ್ಟಿಲ್ಲ. ಸಮಿತಿಯಲ್ಲಿ ಕೆಲವರು ಹೀಗೆ ಸೂಚಿಸಿದ್ದಾರೆ: ಬಿಪಿಎಲ್ ಕಾರ್ಡ್ ಕಡ್ಡಾಯ ಮಾಡಬೇಕು. ಮನೆಗೇ ಹೋಗಿ ನೋಡಬೇಕು, ಟಿವಿ, ಫ್ರಿಜ್, ಬೈಕ್, ದೊಡ್ಡ ಫೋನ್ ಇದ್ದರೆ ಕೈಬಿಡಬೇಕು. ನಗದು ಕೊಟ್ಟರೆ ಗಂಡಸರ ಕುಡಿತಕ್ಕೆ ಹೋಗುತ್ತೆ, ಅದಕ್ಕೆ ದಿನಸಿ ಕಿಟ್ ಕೊಡಬೇಕು. "ಅನ್ನಭಾಗ್ಯದ ಅಕ್ಕಿಯನ್ನೇ ಮಾರ್ಕೊಳ್ತಾರೆ, ಅವರಿಗೆಂಥ ಕಷ್ಟ" ಅನ್ನುವ ಮಾತೂ ಬಂತು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಎದುರು ಹೇಳೋಕೆ ಲೆಕ್ಕ ಬೇಕು. ಈ ಕ್ಷೇತ್ರ ಗೊತ್ತಿರುವವರು ದಯವಿಟ್ಟು ತಿಳಿಸಿ.

ಪಡಿತರ_ಚೀಲ

ಮೊದಲು ಕಾರ್ಡಿನ ವಿಷಯ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ, ಅಂದರೆ ತಿಂಗಳಿಗೆ 10,000. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಆ ದರದಲ್ಲಿ ಒಬ್ಬರೇ ವರ್ಷಕ್ಕೆ 325 ದಿನ ದುಡಿದರೂ 1,20,250 ಆಗಿ ಮಿತಿ ದಾಟುತ್ತದೆ. ಬೆಂಗಳೂರಲ್ಲಿ ಬಾಡಿಗೆ ಕಟ್ಟಿಕೊಂಡು ಗಂಡ ಹೆಂಡತಿ ಇಬ್ಬರೂ ದುಡಿಯುವ ಯಾವ ಕುಟುಂಬ ಈ ಮಿತಿಯೊಳಗೆ ಇರೋಕೆ ಸಾಧ್ಯ? ಹಾಗಾಗಿ ಕಾರ್ಡ್ ಇದೆಯೋ ಇಲ್ಲವೋ ಅನ್ನೋದು ಕಷ್ಟದ ಅಳತೆಯಾಗಲ್ಲ.

ಕಾರ್ಡ್ ಇಲ್ಲದಿರೋಕೆ ಸಾಮಾನ್ಯವಾಗಿ ಸಿಗುವ ಕಾರಣಗಳು ಬೇರೆಯೇ. ಹೊಸ ಅರ್ಜಿ ಹಾಕುವ ಪೋರ್ಟಲ್ ವರ್ಷವಿಡೀ ತೆರೆದಿರಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ರಾಯಚೂರಿನ ತವರುಮನೆ ಕಾರ್ಡಲ್ಲೇ ಉಳಿದಿರುತ್ತೆ. ಅಲ್ಲಿ ತೆಗೆಸದೆ ಇಲ್ಲಿ ಸೇರಿಸೋಕೆ ಆಗಲ್ಲ, ತೆಗೆಸೋಕೆ ಹೋಗಿಬಂದರೆ ಎರಡು ಮೂರು ದಿನದ ಕೂಲಿ ಹೋಯ್ತು. ಇನ್ನು ಕೆಲವರು ಬೈಕ್ ಸಾಲಕ್ಕೋ ಅಂಗಡಿ ಸಾಲಕ್ಕೋ ಏಜೆಂಟ್ ಹೇಳಿದ ಅಂತ ಐಟಿ ರಿಟರ್ನ್ ಹಾಕಿಸಿರುತ್ತಾರೆ. ಕಟ್ಟಿದ ತೆರಿಗೆ ಸೊನ್ನೆ. ಆದರೂ ಕಂಪ್ಯೂಟರಿನಲ್ಲಿ ಪ್ಯಾನ್ ತಾಳೆ ನೋಡುವಾಗ ತೆರಿಗೆದಾರರ ಸಾಲಿಗೆ ಸೇರಿಬಿಡುತ್ತಾರೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ದೊಡ್ಡ ಸಂಖ್ಯೆಯಲ್ಲಿ ಎಪಿಎಲ್‌ಗೆ ಬದಲಾಗಿ ಗದ್ದಲ ಎದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡ್ತೀವಿ ಅಂತ ಸರ್ಕಾರವೇ ಹೇಳಬೇಕಾಯ್ತು.

ನಿಮ್ಮಲ್ಲಿ ಬಿಹಾರ, ಒಡಿಶಾ, ಆಂಧ್ರದಿಂದ ಬಂದ ಸೆಕ್ಯುರಿಟಿಯವರೂ ಇರಬಹುದು. ಊರಿನ ಕಾರ್ಡಲ್ಲಿ ಇಲ್ಲಿ ಅವರಿಗೆ ಸಿಗೋದು ಕೇಂದ್ರದ ಪಾಲು ಮಾತ್ರ, ಬಿಪಿಎಲ್ ಆದರೆ ತಲೆಗೆ 5 ಕೆ.ಜಿ. ನಮ್ಮ ರಾಜ್ಯ ಹೆಚ್ಚುವರಿಯಾಗಿ ಕೊಡುವುದು ಅವರಿಗಿಲ್ಲ. ಕಾರ್ಡ್ ಕಡ್ಡಾಯ ಮಾಡಿದರೆ ನಿಮ್ಮ ಪಟ್ಟಿಯಿಂದ ಮೊದಲು ಉದುರೋದು ಇವರೇ.

ವಠಾರದ_ಲೆಕ್ಕ

ಟಿವಿ, ಫ್ರಿಜ್, ಬೈಕ್ ನೋಡಿ ಬಡತನ ಅಳೆಯೋ ಪ್ರಯತ್ನ ಹೊಸದಲ್ಲ. 2021ರ ಫೆಬ್ರವರಿಯಲ್ಲಿ ಅಂದಿನ ಆಹಾರ ಸಚಿವ ಉಮೇಶ ಕತ್ತಿ ಅವರು ಇವೆಲ್ಲ ಇರುವವರು ಮಾರ್ಚ್ 31ರೊಳಗೆ ಬಿಪಿಎಲ್ ಕಾರ್ಡ್ ಹಿಂದಿರುಗಿಸಬೇಕು ಅಂದಿದ್ದರು. ಎಲ್ಲ ಕಡೆಯಿಂದ ವಿರೋಧ ಬಂದು ಆ ಮಾತು ಅಲ್ಲಿಗೇ ನಿಂತಿತು. ಸರ್ಕಾರದ ಮಾನದಂಡದಲ್ಲೂ ನಾಲ್ಕು ಚಕ್ರದ ವಾಹನ ಇದ್ದರೆ ಅನರ್ಹ ಅಂತಿದೆ, ಅದರಲ್ಲೂ ಹೊಟ್ಟೆಪಾಡಿಗೆ ಓಡಿಸುವ ಒಂದು ಟ್ಯಾಕ್ಸಿಗೆ ವಿನಾಯಿತಿ ಇದೆ. ನಿಮ್ಮ ಸಮಿತಿಯ ನಿಯಮ ಅದಕ್ಕಿಂತ ಬಿಗಿಯಾಯ್ತು.

ಮನೆಯಲ್ಲಿರೋ ವಸ್ತು ಯಾವತ್ತೋ ಒಂದು ದಿನ ದುಡ್ಡೋ ಸಾಲವೋ ಸಿಕ್ಕಿತ್ತು ಅಂತ ಹೇಳುತ್ತೆ ಅಷ್ಟೇ. ಈ ತಿಂಗಳು ಕೈಯಲ್ಲಿ ಏನಿದೆ ಅನ್ನೋದು ಅದರಿಂದ ಗೊತ್ತಾಗಲ್ಲ. ಹಳೇ ಫ್ರಿಜ್ ಎಷ್ಟೋ ಸಲ ಕೆಲಸದ ಮನೆಯವರೇ ಕೊಟ್ಟಿದ್ದು. ಮಾರೋಕೆ ಹೋದರೆ ಗುಜರಿಯವನು ಕೊಡೋದು ಒಂದು ವಾರದ ತರಕಾರಿ ದುಡ್ಡು. ಬೈಕ್ ಇಲ್ಲದಿದ್ದರೆ ಪೇಂಟರ್‌ಗೆ, ಪ್ಲಂಬರ್‌ಗೆ, ಡೆಲಿವರಿ ಹುಡುಗನಿಗೆ ಕೆಲಸವೇ ಇಲ್ಲ. ಫೋನಿಲ್ಲದೆ ಆಧಾರ್ ಓಟಿಪಿ ಬರಲ್ಲ, ಸ್ಕಾಲರ್‌ಶಿಪ್ ಅರ್ಜಿ ಆಗಲ್ಲ, ಮೇಸ್ತ್ರಿ ನಾಳೆ ಎಲ್ಲಿಗೆ ಬರಬೇಕು ಅಂತ ಕಳಿಸೋ ಲೊಕೇಶನ್ನೂ ಸಿಗಲ್ಲ.

ಒಂದು ಮಾದರಿ ಲೆಕ್ಕ ಕೊಡ್ತೀನಿ, ನಿಮ್ಮ ಸಮಿತಿಯ ಮುಂದಿಡಿ. ನಾಲ್ಕು ಜನರ ಕುಟುಂಬ, ವಠಾರದಲ್ಲಿ ಬಾಡಿಗೆ ಮನೆ. ತಾಯಿ ಮೂರು ಮನೆ ಕೆಲಸ, ತಲಾ 3,000ದಂತೆ 9,000. ತಂದೆ ಪೇಂಟಿಂಗ್, ದಿನಕ್ಕೆ 800. ಬೇಸಿಗೆಯಲ್ಲಿ 20 ದಿನ ಕೆಲಸ ಸಿಕ್ಕರೆ 16,000, ಒಟ್ಟು 25,000. ಮಳೆ ಹಿಡಿದ ತಿಂಗಳು 12 ದಿನ ಸಿಕ್ಕರೆ 9,600, ಒಟ್ಟು 18,600.

ಖರ್ಚು: ಬಾಡಿಗೆ 6,500. ಕರೆಂಟು, ನೀರು 800. ಸಂಘದ ಸಾಲದ ಕಂತು ವಾರಕ್ಕೆ 700, ನಾಲ್ಕು ವಾರಕ್ಕೆ 2,800. ಫೋನಿನ ಇಎಂಐ 1,100. ಗ್ಯಾಸ್ 900. ಮಕ್ಕಳ ಟ್ಯೂಷನ್, ಬಸ್ಸು, ಪುಸ್ತಕ 1,500. ಪಡಿತರ ಅಕ್ಕಿ ಬಿಟ್ಟು ಬೇಳೆ, ಎಣ್ಣೆ, ಹಾಲು, ತರಕಾರಿ 4,500. ಎರಡು ಫೋನಿನ ರೀಚಾರ್ಜ್ 600. ಔಷಧಿ 800. ಒಟ್ಟು 19,500.

ಮಳೆಗಾಲದ ತಿಂಗಳಲ್ಲಿ 900 ಕಮ್ಮಿ. ಇಷ್ಟೇ ಆಗಿದ್ದರೆ ಹೇಗೋ ಸರಿದೂಗಿಸಬಹುದಿತ್ತು. ಆದರೆ ಕಂತು ಕಟ್ಟೋದು ವಾರದ ಲೆಕ್ಕದಲ್ಲಿ. ವರ್ಷಕ್ಕೆ 52 ವಾರ, ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ತಲಾ ಐದು ಕಂತು ಬೀಳುತ್ತೆ. ರೀಚಾರ್ಜ್ 28 ದಿನಕ್ಕೆ, ಅಂದರೆ ವರ್ಷಕ್ಕೆ 13 ಸಲ. ಸಂಬಳ ಮಾತ್ರ 12 ಸಲ. ಐದು ಕಂತಿನ ವಾರವೂ ಮಳೆಯೂ ಒಂದೇ ತಿಂಗಳಲ್ಲಿ ಬಂದರೆ ಕೊರತೆ 1,600. ಜೂನ್ ಆದರೆ ಅದರ ಮೇಲೆ ಶಾಲೆಯ ಖರ್ಚು. ಆಗ ಕಿವಿಯೋಲೆ ಗಿರವಿಗೆ ಹೋಗುತ್ತೆ, ಇಲ್ಲಾ ಇನ್ನೊಂದು ಸಂಘದಿಂದ ಸಾಲ ಎತ್ತಿ ಹಳೇದು ಕಟ್ಟುತ್ತಾರೆ. ಬೇಸಿಗೆಯ 5,500 ಉಳಿತಾಯ ಈ ಹಳೇ ಬಾಕಿ ತೀರಿಸೋಕೇ ಹೋಗಿರುತ್ತೆ. ವಾರ್ಷಿಕ ಆದಾಯ ಎರಡೂವರೆ ಲಕ್ಷ ಅಂತ ಕಾಗದದ ಮೇಲೆ ನೋಡಿದವರಿಗೆ ಇದ್ಯಾವುದೂ ಕಾಣಲ್ಲ.

"ಗೃಹಲಕ್ಷ್ಮಿ 2,000 ಬರುತ್ತಲ್ಲ" ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಬಂದರೆ ನಿಜವಾಗಿ ಆಸರೆ. ಆದರೆ ತಿಂಗಳುಗಟ್ಟಲೆ ತಡವಾಗಿದ್ದೂ ಇದೆ, ಬಾಡಿಗೆ ಕೇಳುವ ಮಾಲೀಕರು ಅಷ್ಟು ಕಾಯಲ್ಲ. ಗೃಹಜ್ಯೋತಿಯ ಉಚಿತ ವಿದ್ಯುತ್ ಕೂಡ ಹೀಗೇ. ಆರು ಮನೆಗೆ ಒಂದೇ ಮೀಟರ್ ಇರೋ ವಠಾರದಲ್ಲಿ ಬಾಡಿಗೆದಾರರ ಹೆಸರಿಗೆ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರೋ ಸಂಪರ್ಕದ ಸಂಖ್ಯೆ) ಜೋಡಿಸೋಕೇ ಆಗಲ್ಲ. ಮಾಲೀಕರು ಸಬ್‌ಮೀಟರ್ ಹಾಕಿ ಯೂನಿಟ್ಟಿಗೆ ತಾವು ಹೇಳಿದ ದರ ವಸೂಲಿ ಮಾಡುತ್ತಾರೆ. ತೀರಾ ಕಡಿಮೆ ಬಾಡಿಗೆಯ ಮನೆಗಳಿಗೇ ಈ ಸೌಲಭ್ಯ ತಲುಪದಿರೋದು ನನಗೆ ತುಂಬ ಬೇಸರದ ಸಂಗತಿ.

ಹೆಬ್ಬಾಳ_ಬಳಗ

ತುಂಬ ಧನ್ಯವಾದ, ಈ ಲೆಕ್ಕ ಹಾಗೇ ಸಭೆಗೆ ತಗೊಂಡು ಹೋಗ್ತೀನಿ. ಅಕ್ಕಿ ಮಾರೋದು, ನಗದೋ ಕಿಟ್ಟೋ ಅನ್ನೋದು ಇನ್ನೂ ಉಳಿದಿದೆ. ಮನೆ ಭೇಟಿ ಬೇಡ ಅಂದರೆ ಬೇರೆ ಏನು ಕೇಳಬೇಕು?

ಪಡಿತರ_ಚೀಲ

ಅಕ್ಕಿ ಮಾರೋದು ನಿಯಮಬಾಹಿರ, ಕಾರ್ಡ್ ರದ್ದಾಗಬಹುದು. ಅದನ್ನ ಮುಚ್ಚಿಡೋದು ಬೇಡ. ಆದರೆ ಯಾಕೆ ಮಾರ್ತಾರೆ ಅಂತಲೂ ನೋಡಿ. 2025ರಲ್ಲಿ ಕೇಂದ್ರದ 5, ರಾಜ್ಯದ 5 ಸೇರಿ ತಲೆಗೆ 10 ಕೆ.ಜಿ. ಆದಾಗ ನಾಲ್ವರ ಮನೆಗೆ ತಿಂಗಳಿಗೆ 40 ಕೆ.ಜಿ. ಬರ್ತಿತ್ತು. ರಾಗಿಮುದ್ದೆ ಇಲ್ಲಾ ಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ಅಷ್ಟು ಅಕ್ಕಿ ಖರ್ಚಾಗಲ್ಲ. ಆದರೆ ಬೇಳೆ, ಎಣ್ಣೆ, ಗ್ಯಾಸ್ ಆಗ ದುಡ್ಡು ಕೊಟ್ಟೇ ತರಬೇಕಿತ್ತು. ಕೆ.ಜಿ.ಗೆ ಹತ್ತೋ ಹದಿನೈದೋ ಕೊಟ್ಟು ಕೊಳ್ಳೋ ದಲ್ಲಾಳಿಗೆ ಲಾಭ, ಮಾರಿದ ಮನೆಗೆ ಆ ವಾರದ ಎಣ್ಣೆ ಬಂತು ಅಷ್ಟೇ. ನಿಮ್ಮ ಕಿಟ್ಟಿನಲ್ಲಿ ಮತ್ತೆ 10 ಕೆ.ಜಿ. ಅಕ್ಕಿ ತುಂಬಿದರೆ ಅದೂ ಅಲ್ಲಿಗೇ ಹೋಗುತ್ತೆ, ಆಗ ಅವರನ್ನು ಬೈಯೋದು ನ್ಯಾಯವಲ್ಲ. ಕಿಟ್ ಕೊಡಲೇಬೇಕು ಅಂತಿದ್ದರೆ ತೊಗರಿಬೇಳೆ 2 ಕೆ.ಜಿ., ಎಣ್ಣೆ 3 ಲೀಟರ್, ಕಡಲೆಬೀಜ 1 ಕೆ.ಜಿ., ಬಟ್ಟೆ ಸೋಪು, ಸ್ಯಾನಿಟರಿ ಪ್ಯಾಡ್ ಇಡಿ.

ಪಡಿತರ ಸಿಗ್ತಿಲ್ಲ ಅನ್ನುವವರಿಗೆ ನಿಮ್ಮವರು ಒಂದು ಉಪಕಾರ ಮಾಡಬಹುದು. ಪಾತ್ರೆ ತೊಳೆಯುವ ಪೌಡರ್, ಸಿಮೆಂಟ್, ಥಿನ್ನರ್‌ನಿಂದ ಬೆರಳಚ್ಚು ಸವೆದು ಯಂತ್ರ ಒಪ್ಪಲ್ಲ. ಕೈ ತೊಳೆದು ಪೂರ್ತಿ ಒರೆಸಿ ಹತ್ತೂ ಬೆರಳು ನೋಡಿಸಿ, ಆಗದಿದ್ದರೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಕಳಿಸೋಕೆ ಕೇಳಿ, ಆಮೇಲೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಿಸಿ. ಮಕ್ಕಳಿಗೆ 5 ಮತ್ತು 15ನೇ ವಯಸ್ಸಿನಲ್ಲಿ ನವೀಕರಣ ಕಡ್ಡಾಯ, ಅದು ತಪ್ಪಿದ್ದಕ್ಕೇ ಇ-ಕೆವೈಸಿ ನಿಂತಿರೋದು ಬಹಳ. ಕರ್ನಾಟಕದ ಕಾರ್ಡಿದ್ದರೆ ಯಾದಗಿರಿಯವರೂ ಬೆಂಗಳೂರಿನ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಎತ್ತಬಹುದು. ಅಂಗಡಿಯವರು ಇಲ್ಲ ಅಂದರೆ 1967ಕ್ಕೆ ದೂರು ಕೊಡಿ.

ಶಾಲೆಬಾಗಿಲು

ಕುಡಿತದ ಮಾತಿಗೆ: ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೋವಾ 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನ ಒಟ್ಟಿಗೆ ಇಟ್ಟು ನೋಡಿದ್ದರು. ಬಡ ಕುಟುಂಬಕ್ಕೆ ನಗದು ಕೊಟ್ಟಿದ್ದರಿಂದ ಕುಡಿತ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ಕುಡಿಯೋ ಗಂಡ ಇರೋ ಮನೆ ಇದ್ದೇ ಇರುತ್ತೆ, ಆದರೆ ಆ ಮನೆಯಲ್ಲಿ ಫೀಸು ಕಟ್ಟೋಕೆ ಒದ್ದಾಡ್ತಿರೋದು ತಾಯಿ. ಕಿಟ್ ಕೊಟ್ಟರೂ ಅರ್ಧ ಬೆಲೆಗೆ ಅಂಗಡಿಗೆ ಹೋಗಬಹುದು. ನಿಮ್ಮ ಉದ್ದೇಶ ಓದು ಅಂದಮೇಲೆ ಫೀಸು ನೇರ ಶಾಲೆಗೆ ಕಟ್ಟಿ ಮಗುವಿನ ಹೆಸರಲ್ಲಿ ರಸೀದಿ ತಗೊಳ್ಳಿ, ಉಳಿದದ್ದು ತಾಯಿಯ ಖಾತೆಗೆ ಹಾಕಿ.

ಸರ್ಕಾರಿ ಶಾಲೆ ಮಕ್ಕಳಿಗೆ ಖರ್ಚಿಲ್ಲ ಅಂತ ಅವರ ಅರ್ಜಿ ಬದಿಗಿಡಬೇಡಿ. ಪಠ್ಯಪುಸ್ತಕ, ಊಟ, ಹಾಲು ಸಿಗುತ್ತೆ. ನೋಟ್‌ಬುಕ್, ಬ್ಯಾಗು, ಸಮವಸ್ತ್ರದ ಹೊಲಿಗೆ ಕೂಲಿ, ಹೈಸ್ಕೂಲು ದೂರ ಇದ್ದರೆ ಹುಡುಗರಿಗೆ ಬಸ್ ಪಾಸು ಮನೆಯವರದ್ದೇ. ಖಾಸಗಿ ಶಾಲೆಯಲ್ಲಿ ಬಾಕಿ ಇಟ್ಟು ಸರ್ಕಾರಿ ಶಾಲೆಗೆ ಬರೋ ಮಕ್ಕಳಿಗೆ ವರ್ಗಾವಣೆ ಪತ್ರ ತಡೆಹಿಡಿಯೋದು ನಡೆಯುತ್ತಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಮುಖ್ಯೋಪಾಧ್ಯಾಯರು ಅದನ್ನ ತಕ್ಷಣ ಕೊಡಬೇಕು, ಬರೋದು ತಡವಾಯ್ತು ಅಂತ ಸರ್ಕಾರಿ ಶಾಲೆ 8ನೇ ತರಗತಿವರೆಗೆ ದಾಖಲಾತಿ ನಿಲ್ಲಿಸೋ ಹಾಗಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಲಿಖಿತ ಅರ್ಜಿ ಕೊಡಿಸಿ.

ಏನು ಕೇಳಬೇಕು ಅಂದಿರಿ. ಮನೆ ನೋಡೋಕೆ ಹೋಗಬೇಡಿ. ವಠಾರದಲ್ಲಿ ನಾಲ್ಕು ಜನ ಅಪರಿಚಿತರು ಬಂದು ಬೀರು, ಫ್ರಿಜ್ ನೋಡಿ ಹೋದರೆ ಅಕ್ಕಪಕ್ಕದವರೆದುರು ಆ ಕುಟುಂಬ ತಲೆ ಎತ್ತೋದು ಕಷ್ಟ, ಜತೆಗೆ ಅರ್ಧ ದಿನದ ಕೆಲಸವೂ ತಪ್ಪುತ್ತೆ. ಯಾರ ಮನೆಯಲ್ಲಿ ಕೆಲಸ ಮಾಡ್ತಾರೋ ಅವರೇ ವಿಚಾರಣೆ ಮಾಡೋದೂ ಬೇಡ. ಸಾಲ ಇದೆ ಅಂದರೆ ಕದೀತಾಳೇನೋ ಅಂತ ಅಕ್ಕಾವ್ರು ಅಂದ್ಕೊಂಡಾರು ಅನ್ನೋ ಭಯಕ್ಕೆ ಬಾಯಿ ಬಿಡಲ್ಲ. ಬೇರೆ ಬ್ಲಾಕಿನ ಒಬ್ಬ ಹೆಂಗಸು, ಕೆಲಸ ಮುಗಿದ ಹೊತ್ತಲ್ಲಿ, ಕ್ಲಬ್‌ಹೌಸಿನ ಒಂದು ಕೋಣೆಯಲ್ಲಿ ಕೂತು ಹತ್ತು ನಿಮಿಷ ಮಾತಾಡಿದರೆ ಸಾಕು: ಹೋದ ತಿಂಗಳು ಮನೆಯಲ್ಲಿ ಯಾರು ಎಷ್ಟು ದಿನ ಕೆಲಸಕ್ಕೆ ಹೋದರು, ಬಾಡಿಗೆ ಎಷ್ಟು ತಿಂಗಳು ಬಾಕಿ, ವಾರಕ್ಕೆ ಎಷ್ಟು ಕಂತು, ಏನಾದರೂ ಗಿರವಿ ಇದೆಯಾ, ಶಾಲೆಗೆ ಎಷ್ಟು ಯಾವ ತಾರೀಖಿನೊಳಗೆ ಕಟ್ಟಬೇಕು, ಮನೆಯಲ್ಲಿ ಕಾಯಿಲೆ, ಅಂಗವೈಕಲ್ಯ ಇದ್ದವರಾರು. ದಾಖಲೆ ಅಂತ ಫೀಸಿನ ಚೀಟಿ ಮತ್ತು ಕಂತಿನ ಪಾಸ್‌ಬುಕ್ ಸಾಕು. ಬಾಡಿಗೆ ಬಾಕಿ ಮತ್ತು ಕಂತು ಆದಾಯದ ಅರ್ಧ ದಾಟಿದವರು, ಒಬ್ಬರೇ ದುಡಿಯುವವರು, ಹೋದ ಆರು ತಿಂಗಳಲ್ಲಿ ಆಸ್ಪತ್ರೆ ಖರ್ಚು ಬಂದವರು ಮೊದಲು. ಎಲ್ಲರಿಗೂ ಚೂರುಚೂರು ಹಂಚಬೇಡಿ, ಒಂದು ಮಗುವಿನ ಬಾಕಿ ಪೂರ್ತಿ ತೀರಿದರೆ ಶಾಲೆಯವರು ಪರೀಕ್ಷೆಗೆ ಮುಂಚೆ ಆ ಮಗುವನ್ನ ಎಬ್ಬಿಸಿ ನಿಲ್ಲಿಸಲ್ಲ.

ಚೆಕ್ ಹಿಡಿಸಿ ಫೋಟೋ ತೆಗೆಯೋದು ದಯವಿಟ್ಟು ಬಿಡಿ. ಲೆಕ್ಕ ಕೇಳುವ ದಾನಿಗಳಿಗೆ ಹೆಸರು ಮರೆಮಾಡಿದ ರಸೀದಿ ಕಳಿಸಿ.

ವಠಾರದ_ಲೆಕ್ಕ

ಒಂದೇ ಸೇರಿಸ್ತೀನಿ. ಸ್ಕಾಲರ್‌ಶಿಪ್ ಮಂಜೂರಾಗಿದೆ, ದುಡ್ಡು ಬಂದಿಲ್ಲ ಅನ್ನೋರು ನಿಮ್ಮ ಅರ್ಜಿಗಳಲ್ಲಿ ಖಂಡಿತ ಇರ್ತಾರೆ. ಆಧಾರ್ ಮೂಲಕ ಬರೋ ಹಣ ಕೊನೆಯಲ್ಲಿ ಜೋಡಿಸಿದ ಖಾತೆಗೆ ಹೋಗುತ್ತೆ, ಪಾಸ್‌ಬುಕ್ ಕೊಟ್ಟ ಖಾತೆಗೆ ಅಂತಲ್ಲ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ ಅನ್ನೋದು, ನೋಡಿ. ನಿಷ್ಕ್ರಿಯ ಅಂತಿದ್ದರೆ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ ಕೊಡಬೇಕು. ಬ್ಯಾಂಕಿಗೆ ಅಲೆದು ಸಾಕಾದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲೇ ಜೋಡಿಸಿಕೊಳ್ಳಬಹುದು. ಸಭೆಯನ್ನ ಮೇ ಮಧ್ಯಕ್ಕೇ ಕರೀರಿ. ಶಾಲೆ ಜೂನ್ ಹೊತ್ತಿಗೆ ಶುರುವಾಗುತ್ತೆ, ನಿಮ್ಮ ದುಡ್ಡು ಜುಲೈಯಲ್ಲಿ ಬಂದರೆ ಅಷ್ಟರೊಳಗೆ ಅವರು ಬಡ್ಡಿಗೆ ತಂದು ಕಟ್ಟಿರುತ್ತಾರೆ.