ಅಪ್‌ಡೇಟ್: ಹಿನ್ನೀರಿನ ದಡದಲ್ಲಿ ಬಿದ್ದಿದ್ದ ಅಮ್ಮನ ಓಲೆ ಸಿಕ್ತು!

ಹಾಸನದ ಶೆಟ್ಟಿಹಳ್ಳಿ ಹಳೇ ಚರ್ಚ್ ಕಡೆ, ಹೇಮಾವತಿ ಹಿನ್ನೀರಿನ ದಡದಲ್ಲಿ ಅಮ್ಮನ ಚಿನ್ನದ ಓಲೆ ಬಿದ್ದಿತ್ತು. ಅವತ್ತೇ ಸಂಜೆ ಜೋರು ಗಾಳಿಮಳೆ. ಮೆಟಲ್ ಡಿಟೆಕ್ಟರ್‌ನಿಂದ ಹುಡುಕಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಚಿನ್ನ ಮರಳಿಗಿಂತ ಆರೇಳು ಪಟ್ಟು ಸಾಂದ್ರ, ನೀರು ಎಳೆದರೂ ದೂರ ಹೋಗಲ್ಲ, ಬಿದ್ದ ಕಡೆಯೇ ಕೆಳಗಿಳಿಯುತ್ತೆ ಅಂದಿದ್ರಲ್ಲ, ಹಾಗೇ ಆಯ್ತು. ಅಲೆ ಬಡಿದು ಸಣ್ಣ ಕಲ್ಲು ಕೂಡಿಕೊಂಡ ಗೆರೆಯಲ್ಲಿ, ನಾಲ್ಕು ಬೆರಳು ಆಳದಲ್ಲಿತ್ತು. ತಿರುಪಿನ ತುಂಬಾ ಕೆಸರು, ಕೆಂಪು ಹರಳು ಮಾತ್ರ ಅಲ್ಲಾಡಿರಲಿಲ್ಲ.

ಹುಡುಕುವವರಿಗೆ ಮುಖ್ಯ ವಿಷಯ: ಅಲ್ಯೂಮಿನಿಯಂ ಫಾಯಿಲ್ ಚೂರುಗಳ ಸಿಗ್ನಲ್ ಕಿರಿಕಿರಿ ಅಂತ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸಿಗ್ನಲ್ ತಡೆಯೋ ಸೆಟ್ಟಿಂಗ್) ಏರಿಸಬೇಡಿ. ಸಣ್ಣ ಚಿನ್ನದ ಸಿಗ್ನಲ್ಲೂ ಅಲ್ಲೇ ಬರುತ್ತೆ, ಅದೂ ಮಾಯವಾಗುತ್ತೆ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದಂಶ ಜಾಸ್ತಿ, ಹಾಗಾಗಿ ಗ್ರೌಂಡ್ ಬ್ಯಾಲೆನ್ಸ್ ಮಾಡ್ಕೊಳ್ಳಿ, ಅಂದ್ರೆ ಮಣ್ಣಿನ ಸಿಗ್ನಲ್ ಅನ್ನು ಡಿಟೆಕ್ಟರ್ ಲೆಕ್ಕಕ್ಕೆ ತಗೊಳ್ಳದ ಹಾಗೆ ಹೊಂದಿಸಿ. ಕಾಯಿಲ್ (ಡಿಟೆಕ್ಟರ್ ತುದಿಯ ತಟ್ಟೆ) ನೆಲಕ್ಕೆ ತಾಗುವಷ್ಟು ಹತ್ತಿರ ಇರಲಿ, ನಿಧಾನಕ್ಕೆ ಆಡಿಸಿ.

ಚರ್ಚ್ ಗೋಡೆಗಳ ಬುಡದಲ್ಲಿ ದಯವಿಟ್ಟು ಅಗೆಯಬೇಡಿ, ಅವು ಮೊದಲೇ ಶಿಥಿಲ. ಹೂತಿಟ್ಟ ಹಳೇ ನಾಣ್ಯ, ಒಡವೆ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಅಮ್ಮ ಓಲೆಗೆ ಹೊಸ ತಿರುಪು ಹಾಕಿಸಿದ್ದಾರೆ.